ಗಾಲಿ ಕಳಚಿದ ಟಿ-34: ಐದು ಕೈ ದಾಟಿದ ಒಂದು ಮಾದರಿಯ ಪ್ರಕರಣ

ಸೇನಾ ವಾಹನಗಳ ಸ್ಕೇಲ್ ಮಾದರಿ ಕಟ್ಟುವವರು ಸಾಮಾನ್ಯವಾಗಿ ಒಂಟಿ ಕೆಲಸಗಾರರು. ಮೇಜು, ದೀಪ, ಅಂಟು, ಬಾಗಿಲು ಹಾಕಿಕೊಂಡ ಕೋಣೆ, ಅಷ್ಟೇ. ನಾವು ಐವರು ಸೇರಿ ಒಂದೇ ಟ್ಯಾಂಕನ್ನು ಕಟ್ಟಲು ಹೊರಟೆವು. ಅದು ಮುಕ್ಕಾಲು ಮುಗಿದ ಮೇಲೆ ಗಾಲಿಗಳು ತಾವಾಗಿಯೇ ಕಳಚಿ ಬಿದ್ದವು. ಏಕೆ ಬಿದ್ದವು ಎಂದು ಹುಡುಕಿದ ಬಗೆ, ನಡುವೆ ಆದ ಜಗಳ, ಮಾಡಿದ ತಪ್ಪು ದುರಸ್ತಿ, ಆಮೇಲಿನ ಸರಿ ದುರಸ್ತಿ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಉಳಿದ ನಾಲ್ವರ ಒಪ್ಪಿಗೆ ಪಡೆದಿದ್ದೇನೆ, ಹೆಸರು ಬೇಡ ಎಂದರು. ಹಾಗಾಗಿ ಒಡಲು ಕಟ್ಟಿದವರನ್ನು ಹಿರಿಯರು ಎಂದೂ, ಟರೆಟ್ (ಟ್ಯಾಂಕಿನ ಮೇಲೆ ತಿರುಗುವ ಫಿರಂಗಿ ಗೋಪುರ) ಮತ್ತು ಹಳೆಯ ಚಿತ್ರಗಳ ಹೊಣೆ ಹೊತ್ತವರನ್ನು ದಾಖಲೆಯವರು ಎಂದೂ, ಏರ್‌ಬ್ರಷ್ (ಗಾಳಿಯೊತ್ತಡದಲ್ಲಿ ಬಣ್ಣ ಸಿಂಪಡಿಸುವ ಉಪಕರಣ) ಹಿಡಿದ ಹೆಣ್ಣುಮಗಳನ್ನು ಬಣ್ಣದವರು ಎಂದೂ, ಕೊಳೆ-ಧೂಳು-ಎಣ್ಣೆಯ ಕೆಲಸ ಮಾಡಿದವನನ್ನು ಕಿರಿಯ ಎಂದೂ ಕರೆಯುತ್ತೇನೆ. ನೆಲಹಾಸು, ಅಂದರೆ ಟ್ಯಾಂಕು ನಿಲ್ಲುವ ಬೀದಿಯ ದೃಶ್ಯ, ನನ್ನದು, ಮಾದರಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವ ಹೊಣೆಯೂ ನನ್ನದೇ ಆಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ತಪ್ಪಿನ ಲೆಕ್ಕ ಹಾಕುವಾಗ ನನ್ನ ಪಾಲೂ ಬರುತ್ತದೆ.

ಆರಿಸಿಕೊಂಡದ್ದು ಏನು

1/35 ಅಳತೆಯ, ಅಂದರೆ ನಿಜವಾದದ್ದರ ಮೂವತ್ತೈದನೇ ಒಂದು ಪಾಲಿನ, ಟಿ-34-85. ಎರಡನೇ ಮಹಾಯುದ್ಧದ ಸೋವಿಯತ್ ಟ್ಯಾಂಕು. ಸನ್ನಿವೇಶ 1945ರ ಏಪ್ರಿಲ್ ಕೊನೆಯ ಬರ್ಲಿನ್ ಬೀದಿ. ಟರೆಟ್ ಸುತ್ತ ಗುರುತಿನ ಬಿಳಿ ಪಟ್ಟಿ, ಮುಂದೆ ಕುಸಿದ ಗೋಡೆಯ ಇಟ್ಟಿಗೆ ರಾಶಿ, ಟ್ಯಾಂಕಿನ ಎಡ ಮೂಲೆ ಆ ರಾಶಿಯ ಮೇಲೆ ಹತ್ತುತ್ತಿರುವ ಕ್ಷಣ. ಸಮತಟ್ಟು ನೆಲದ ಮೇಲೆ ನಿಂತ ಟ್ಯಾಂಕು ಷೋಕೇಸಿನ ವಸ್ತುವಿನಂತೆ ಕಾಣುತ್ತದೆ. ಒಂದು ಗಾಲಿ ಮೇಲೆದ್ದರೆ ಅದಕ್ಕೆ ತೂಕ ಬರುತ್ತದೆ. ಈ ಆಸೆಯೇ ಮುಂದೆ ನಮಗೆ ಮುಳುವಾದ ಕಾರಣಗಳಲ್ಲಿ ಒಂದು.

ಟಿ-34-85 ಅನ್ನು ಯುದ್ಧಕಾಲದಲ್ಲಿ ಮುಖ್ಯವಾಗಿ ಮೂರು ಕಾರ್ಖಾನೆಗಳು ತಯಾರಿಸಿದವು: ನಿಜ್ನಿ ತಗಿಲ್‌ನ 183ನೇ ಸಂಖ್ಯೆಯದು, ಗೋರ್ಕಿಯ 112ನೆಯದು, ಓಮ್ಸ್ಕ್‌ನ 174ನೆಯದು. ಮೂರರ ಟ್ಯಾಂಕುಗಳೂ ದೂರದಿಂದ ಒಂದೇ, ಹತ್ತಿರದಿಂದ ಬೇರೆ ಬೇರೆ. ಟರೆಟ್ಟಿನ ಎರಕದ ಜೋಡಣೆಗೆರೆ, ಕೈಹಿಡಿಗಳು, ಇಂಧನ ಡಬ್ಬಿಯ ಹಿಡಿಕೆಗಳು, ಹೀಗೆ. ಕಟ್ಟಲು ಕೊಂಡ ಬಿಡಿಭಾಗಗಳ ಪೆಟ್ಟಿಗೆಯಲ್ಲಿ ಎಲ್ಲದಕ್ಕೂ ಆಗುವಂತೆ ಹೆಚ್ಚುವರಿ ಭಾಗಗಳಿರುತ್ತವೆ, ಕಣ್ಣುಮುಚ್ಚಿ ಅಂಟಿಸಿದರೆ ಒಂದರ ತಲೆ ಇನ್ನೊಂದರ ಮೈ ಆಗುತ್ತದೆ. ದಾಖಲೆಯವರು 183ರ ಟ್ಯಾಂಕೇ ಎಂದು ಪಟ್ಟು ಹಿಡಿದು ಬೇಡದ ಭಾಗಗಳನ್ನು ಮೊದಲ ದಿನವೇ ಕತ್ತರಿಸಿ ಬೇರೆ ಚೀಲಕ್ಕೆ ಹಾಕಿದರು. ಇದು ಒಳ್ಳೆಯ ನಿರ್ಧಾರ, ಇದರಿಂದ ತೊಂದರೆ ಏನೂ ಆಗಲಿಲ್ಲ, ಆದ್ದರಿಂದ ಮುಂದೆ ಹೋಗೋಣ.

ಮಾದರಿ ಸಾಗಿದ ದಾರಿ ಹೀಗಿತ್ತು. ಮೊದಲ ಮೂರು ವಾರ ಹಿರಿಯರ ಬಳಿ ಒಡಲು, ಗಾಲಿ, ಟ್ರ್ಯಾಕ್ (ಗಾಲಿಗಳನ್ನು ಬಳಸಿ ಸುತ್ತುವ ಪಟ್ಟಿ). ಅದೇ ಹೊತ್ತಿಗೆ ದಾಖಲೆಯವರ ಬಳಿ ಟರೆಟ್. ಅವರು ತೆಳು ದ್ರವ ಅಂಟನ್ನು ಸವರಿ, ಪ್ಲಾಸ್ಟಿಕ್ ಮೆತ್ತಗಾದಾಗ ಹಳೆಯ ಮೋಟು ಬ್ರಷ್ಷಿನಿಂದ ಕುಟ್ಟಿ ಕುಟ್ಟಿ ಒರಟು ಎರಕದ ಮೈ ತಂದಿದ್ದರು. ಬೆರಳು ಸವರಿದರೆ ಕಬ್ಬಿಣದ ಬಾಣಲೆಯ ಹಿಂಭಾಗ ಮುಟ್ಟಿದಂತಿತ್ತು. ಆಮೇಲೆ ಎರಡೂ ಬಣ್ಣದವರಿಗೆ. ಅಲ್ಲಿಂದ ಕಿರಿಯನಿಗೆ. ಕೊನೆಗೆ ನನ್ನ ಇಟ್ಟಿಗೆ ರಾಶಿಗೆ. ಸ್ಪಾಂಜು ಕೊರೆದ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಟ್ಯಾಂಕು ಓಡಾಡುತ್ತಿತ್ತು. ಪೆಟ್ಟಿಗೆಯ ಜತೆ ಒಂದು ಚೀಟಿಯೂ ಇರಬೇಕಿತ್ತು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಹಿರಿಯರು ಮಾಡಿದ್ದು

ಇದನ್ನು ತುಸು ವಿವರವಾಗಿ ನೋಡಬೇಕು. ಟಿ-34ರಲ್ಲಿ ಪ್ರತಿ ಬದಿಗೆ ಐದು ದೊಡ್ಡ ಗಾಲಿಗಳು, 830 ಮಿ.ಮೀ. ವ್ಯಾಸದವು, ನಮ್ಮ ಅಳತೆಯಲ್ಲಿ ಸುಮಾರು 23.7 ಮಿ.ಮೀ. ಮುಂದೆ ಟ್ರ್ಯಾಕಿನ ತುದಿಯನ್ನು ಹಿಡಿದು ತಿರುಗಿಸುವ ಐಡ್ಲರ್ ಗಾಲಿ, ಹಿಂದೆ ಟ್ರ್ಯಾಕನ್ನು ಎಳೆಯುವ ಚಾಲಕ ಗಾಲಿ. ಐದೂ ಗಾಲಿಗಳು ಒಂದೊಂದು ತೋಳಿನ ತುದಿಯಲ್ಲಿ ಕೂರುತ್ತವೆ. ಪೆಟ್ಟಿಗೆಯಲ್ಲಿ ಬಂದ ತೋಳುಗಳ ಬುಡದಲ್ಲಿ ಒಂದು ಗುಬಟು, ಒಡಲಿನಲ್ಲಿ ಅದಕ್ಕೆ ತಕ್ಕ ತೂತು. ಅಂಟಿಸಿದರೆ ಎಲ್ಲ ಗಾಲಿಗಳೂ ಒಂದೇ ಮಟ್ಟಕ್ಕೆ ನಿಲ್ಲುತ್ತವೆ. ನಮಗೆ ಬೇಕಾದದ್ದು ಎಡಬದಿಯ ಮೊದಲ ಎರಡು ಗಾಲಿ ಮೇಲೆದ್ದಿರುವ ಟ್ಯಾಂಕು. ಹಿರಿಯರು ಆ ಎರಡು ತೋಳುಗಳ ಗುಬಟನ್ನು ಅರ್ಧ ಅರೆದು, ತೋಳನ್ನು ಮೇಲಕ್ಕೆ ಒತ್ತಿ, ಕ್ಲಿಪ್ ಹಾಕಿ ಅಂಟಿಸಿದರು. ಗುಬಟು ಪೂರ್ತಿ ಹೋಗಿರಲಿಲ್ಲವಾದ್ದರಿಂದ ತೋಳು ಬುಡದಲ್ಲಿ ಸ್ವಲ್ಪ ತಿರುಚಿಕೊಂಡೇ ಕೂತಿತು. ಅಂಟು ಒಣಗಿದ ಮೇಲೆ ಕ್ಲಿಪ್ ತೆಗೆದರು. ನೋಡಲು ಚೆನ್ನಾಗಿತ್ತು.

ಆಮೇಲೆ ಟ್ರ್ಯಾಕ್. ಪೆಟ್ಟಿಗೆಯಲ್ಲಿದ್ದದ್ದು ರಬ್ಬರಿನಂತೆ ಬಾಗುವ ವಿನೈಲ್ ಪಟ್ಟಿ. ಈ ಪಟ್ಟಿಗಳಿಗೆ ಒಂದು ಹಿನ್ನೆಲೆ ಇದೆ. 1961ರಲ್ಲಿ ಜಪಾನಿನ ಮಾದರಿ ಕಂಪನಿ ಟಾಮಿಯಾ ತಂದ ಮೋಟರು ಓಡಿಸುವ ಪ್ಯಾಂಥರ್ ಟ್ಯಾಂಕಿನ ಗಾತ್ರವನ್ನು ಒಳಗೆ ಹಿಡಿಯಬೇಕಾದ ಮೋಟರು ಮತ್ತು ಬ್ಯಾಟರಿ ನಿರ್ಧರಿಸಿದವು. ಆಮೇಲೆ ಅಳೆದರೆ ಅದು ಸುಮಾರು 1/35 ಬಂತು, ನಾವೆಲ್ಲ ಇಂದಿಗೂ ಆ ಅಳತೆಯಲ್ಲೇ ಕಟ್ಟುತ್ತಿದ್ದೇವೆ. ಓಡುವ ಆಟಿಕೆಗೆ ಪಟ್ಟಿ ಬಿಗಿಯಾಗಿ ಇರಲೇಬೇಕು. ಕಪಾಟಿನಲ್ಲಿ ಸುಮ್ಮನೆ ನಿಲ್ಲುವ ಮಾದರಿಗೆ ಆ ಬಿಗಿ ಬೇಕಿಲ್ಲ. ಹಿರಿಯರು ಆ ಕಾಲದ ಮಾದರಿಗಳ ಮೇಲೆ ಕೈ ಕುದುರಿಸಿಕೊಂಡವರು. ಪಟ್ಟಿ ತಂತಿಯಂತೆ ಬಿಗಿದರೆ ಅದೇ ಅಚ್ಚುಕಟ್ಟು ಎಂಬ ಲೆಕ್ಕ ಅವರದು. ಹಾಕಿ ಎಳೆದು ತುದಿ ಸೇರಿಸಿದರು. ಎರಡೂ ಬದಿಯ ಐಡ್ಲರ್ ಅಚ್ಚು ಒಂದು ಕೂದಲೆಳೆಯಷ್ಟು ಹಿಂದಕ್ಕೆ ಬಾಗಿತು. ಆಗಲೇ ಕಂಡಿತ್ತು ಎಂದು ಆಮೇಲೆ ಒಪ್ಪಿಕೊಂಡರು.

ಇನ್ನೊಂದು ಕೆಲಸ ಮಾಡಿದ್ದರು, ಯಾರಿಗೂ ಹೇಳಿರಲಿಲ್ಲ. ಟ್ಯಾಂಕು ಕೈಯಲ್ಲಿ ಹಿಡಿದರೆ ಭಾರ ಅನ್ನಿಸಬೇಕೆಂದು ಒಡಲಿನೊಳಗೆ ಕಬ್ಬಿಣದ ನಟ್ಟುಗಳನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿದ್ದರು. ಪುಣ್ಯಕ್ಕೆ ಸೀಸದ ಗುಂಡುಗಳನ್ನು ಬಿಳಿ ಪಿವಿಎ ಅಂಟಿನಲ್ಲಿ ಹಾಕಿರಲಿಲ್ಲ. ಆ ಜೋಡಿ ವರ್ಷಗಳು ಕಳೆದಂತೆ ಒಳಗೇ ಬಿಳಿ ಪುಡಿಯಾಗಿ ಉಬ್ಬಿ ಮಾದರಿಯನ್ನು ಒಡೆದು ಹಾಕುತ್ತದೆ, ರೈಲು ಮಾದರಿ ಕಟ್ಟುವವರನ್ನು ಕೇಳಿ ನೋಡಿ.

ಈ ಹಂತದಲ್ಲಿ ದಾಖಲೆಯವರು ಚಿತ್ರ ನೋಡಿ ಒಂದು ಮಾತು ಹೇಳಿದ್ದರು: "ಟ್ರ್ಯಾಕ್ ಇಷ್ಟು ಬಿಗಿ ಇರಬಾರದು ಸರ್. ಟಿ-34ಕ್ಕೆ ಮೇಲ್ಗಡೆ ಸಣ್ಣ ರೋಲರುಗಳೇ ಇಲ್ಲ, ಪಟ್ಟಿ ಗಾಲಿ ಮೇಲೆ ಮಲಗಬೇಕು."

ಹಿರಿಯರ ಉತ್ತರ: "ಫೆಂಡರ್ ಕೆಳಗೆ ಯಾರು ಬಗ್ಗಿ ನೋಡ್ತಾರೆ?" (ಫೆಂಡರ್ ಎಂದರೆ ಟ್ರ್ಯಾಕಿನ ಮೇಲಿನ ಮಡ್‌ಗಾರ್ಡು.)

ನಾನೂ ನಕ್ಕು ಸುಮ್ಮನಾದೆ. ಈ ಪ್ರಕರಣದಲ್ಲಿ ಹಿಂದಕ್ಕೆ ಹೋಗಿ ಬದಲಿಸಬಹುದಾದ ಒಂದೇ ಕ್ಷಣ ಆರಿಸಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಅವರು ಹೇಳಿದ್ದು ಚರಿತ್ರೆಯ ಮಾತು, ನಮಗೆ ಅದು ಬರೀ ಅಲಂಕಾರದ ವಿಚಾರವಾಗಿ ಕೇಳಿಸಿತು. ಅದೇ ಮಾತಿನಲ್ಲಿ ಪ್ಲಾಸ್ಟಿಕ್ಕಿನ ಆರೋಗ್ಯವೂ ಅಡಗಿತ್ತು.

ಬಣ್ಣ, ಆಮೇಲೆ ವಾಶ್

ಬಣ್ಣದವರ ಕೈಗೆ ಬಂದಾಗ ಗಾಲಿ, ಟ್ರ್ಯಾಕ್ ಎಲ್ಲ ಅಂಟಿ ಆಗಿತ್ತು. ಅವರು ಸಾಮಾನ್ಯವಾಗಿ ಗಾಲಿಗಳನ್ನು ಬೇರೆ ಇಟ್ಟೇ ಬಣ್ಣ ಹೊಡೆಯುವವರು. ಮುಖ ಸಿಂಡರಿಸಿದರು, ಏನೂ ಅನ್ನಲಿಲ್ಲ. ಪ್ರೈಮರ್, ಅದರ ಮೇಲೆ 4ಬಿಓ ಎಂಬ ಸೋವಿಯತ್ ಸೇನೆಯ ಹಸಿರು, ಅಂಚುಗಳಲ್ಲಿ ತುಸು ತಿಳಿ, ಕೊನೆಗೆ ಹೊಳಪು ವಾರ್ನಿಷ್. ಟರೆಟ್ಟಿನ ಬಿಳಿ ಪಟ್ಟಿಯನ್ನು ಹೇರ್‌ಸ್ಪ್ರೇ ಉಪಾಯದಲ್ಲಿ ಮಾಡಿದರು: ಹಸಿರಿನ ಮೇಲೆ ಹೇರ್‌ಸ್ಪ್ರೇ, ಅದರ ಮೇಲೆ ಬಿಳಿ, ಆಮೇಲೆ ಒದ್ದೆ ಬ್ರಷ್ಷಿನಿಂದ ಉಜ್ಜಿದರೆ ಬಿಳಿ ಸಿಪ್ಪೆಯಂತೆ ಏಳುತ್ತದೆ. ಅವಸರದಲ್ಲಿ ಬಳಿದ ಸುಣ್ಣದಂತೆ ಬಂತು. ಐದು ಜನರ ಕೆಲಸದಲ್ಲಿ ನನಗೆ ಇಂದಿಗೂ ಹೆಚ್ಚು ಇಷ್ಟವಾದ ಭಾಗ ಅದೇ.

ಆದರೆ ಗಾಲಿಗಳ ಹಿಂದೆ, ತೋಳುಗಳ ಬುಡಕ್ಕೆ, ಐಡ್ಲರ್ ಅಚ್ಚಿಗೆ ಏರ್‌ಬ್ರಷ್ಷಿನ ತುಂತುರು ತಲುಪಲಿಲ್ಲ. ಅಲ್ಲಿ ಬರಿ ಪ್ಲಾಸ್ಟಿಕ್ ಉಳಿಯಿತು. ಕಪ್ಪು ನೆರಳಿನಲ್ಲಿ ಕಾಣುವುದಿಲ್ಲ ಎಂದು ಅವರೂ ಬಿಟ್ಟರು. "ಯಾರು ನೋಡ್ತಾರೆ" ಎಂಬ ಮಾತು ಎರಡನೇ ಸಲ ಬಂತು, ಈ ಸಲ ಮನಸ್ಸಿನಲ್ಲೇ.

ಕಿರಿಯ ತನ್ನ ಪಾಲಿನ ಕೆಲಸದಲ್ಲಿ ಚುರುಕು. ಎನಾಮೆಲ್ ವಾಶ್, ಅಂದರೆ ವೈಟ್ ಸ್ಪಿರಿಟ್ ಎಂಬ ಥಿನ್ನರಿನಲ್ಲಿ (ದ್ರಾವಕದಲ್ಲಿ) ತೆಳುವಾಗಿಸಿದ ಕಡು ಕಂದು, ಸಂದುಗೊಂದುಗಳಲ್ಲಿ ಹರಿಸಿ ನೆರಳು ತರುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಮೇಲ್ಮೈಯಲ್ಲಿ ಮಿತವಾಗಿ, ಬೋಲ್ಟ್ ಬೋಲ್ಟಿನ ಸುತ್ತ ಹಾಕಿದ. ಗಾಲಿಗಳ ಹಿಂದೆ ಮಾತ್ರ ಎಣ್ಣೆ ಮಡ್ಡಿ ಕಾಣಬೇಕೆಂದು ಧಾರಾಳವಾಗಿ ಸುರಿದ. ಮಾದರಿಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿ ಮಲಗಿದ. ಮುಚ್ಚಿದ ಪೆಟ್ಟಿಗೆಯಲ್ಲಿ ದ್ರಾವಕ ಆರುವುದು ನಿಧಾನ.

ಬೆಳಿಗ್ಗೆ ಮುಚ್ಚಳ ತೆಗೆದಾಗ ಎಡ ಐಡ್ಲರ್ ಸ್ಪಾಂಜಿನ ಮೇಲೆ ಬಿದ್ದಿತ್ತು. ಮಧ್ಯಾಹ್ನ ಬಲ ಐಡ್ಲರ್. ಸಂಜೆ ಫೋನಿನಲ್ಲಿ ನನಗೆ ಹೇಳುತ್ತಿರುವಾಗಲೇ "ಟಕ್" ಎಂಬ ಸಣ್ಣ ಸದ್ದು, ಎಡಬದಿಯ ಮೊದಲ ತೋಳು ಹೋಯಿತು. "ಸರ್, ನಾನು ಮುಟ್ಟೇ ಇಲ್ಲ" ಎಂದ. ದನಿ ನಡುಗುತ್ತಿತ್ತು.

ಯಾರ ತಪ್ಪು ಎಂಬ ಎರಡು ದಿನ

ಮೊದಲ ಎರಡು ದಿನ ನಾವು ಕಾರಣ ಹುಡುಕಲಿಲ್ಲ, ಅಪರಾಧಿಯನ್ನು ಹುಡುಕಿದೆವು. ಹಿರಿಯರು, ಥಿನ್ನರ್ ಸುರಿದು ತಮ್ಮ ಅಂಟನ್ನು ಕರಗಿಸಿದ್ದಾನೆ ಎಂದರು. ಕಿರಿಯ, ಇದೇ ವಾಶನ್ನು ಹಿಂದೆ ಹತ್ತಾರು ಮಾದರಿಗೆ ಹಾಕಿದ್ದೇನೆ, ಒಂದೂ ಮುರಿದಿಲ್ಲ ಎಂದ. ಎರಡೂ ಪ್ರಾಮಾಣಿಕ ಮಾತುಗಳೇ. ಕಿರಿಯನ ಅನುಭವ ಸುಳ್ಳಲ್ಲ, ಆದರೆ ಅವನ ಹಿಂದಿನ ಮಾದರಿಗಳಲ್ಲಿ ಯಾವ ಭಾಗವೂ ಬಾಗಿ ಬಿಗಿದುಕೊಂಡಿರಲಿಲ್ಲ. ಹತ್ತು ಸಲ ಸರಿಹೋದದ್ದು ಹನ್ನೊಂದನೆಯ ಸಲದ ಸನ್ನಿವೇಶಕ್ಕೆ ಸಾಕ್ಷಿಯಾಗಲಿಲ್ಲ.

ಬಣ್ಣದವರು, ಪೆಟ್ಟಿಗೆಯ ಪ್ಲಾಸ್ಟಿಕ್ಕೇ ಕಳಪೆ ಇರಬಹುದು ಎಂದರು. ಇದು ಎಲ್ಲರಿಗೂ ಅನುಕೂಲವಾದ ಉತ್ತರ, ನಮ್ಮಲ್ಲಿ ಯಾರೂ ತಪ್ಪಿತಸ್ಥರಲ್ಲ. ಅರ್ಧ ದಿನ ಅದನ್ನೇ ಹಿಡಿದುಕೊಂಡೆವು. ಆಮೇಲೆ ಹಿರಿಯರೇ ಅದೇ ಪೆಟ್ಟಿಗೆಯ ಉಳಿದ ಸ್ಪ್ರೂ (ಬಿಡಿಭಾಗಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಚೌಕಟ್ಟು) ಕಡ್ಡಿಯೊಂದನ್ನು ಕೈಯಲ್ಲಿ ಬಗ್ಗಿಸಿದರು. ಕಡ್ಡಿ ಬಾಗಿತು, ಬಾಗಿದ ಜಾಗ ಬೆಳ್ಳಗಾಯಿತು, ತುಂಬಾ ಬಗ್ಗಿಸಿದ ಮೇಲೆ ಹರಿಯಿತು. ಈ ಮಾದರಿಗಳ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್ ಒಳ್ಳೆಯದಿದ್ದರೆ ವರ್ತಿಸುವುದೇ ಹಾಗೆ. ಮುರಿದ ತೋಳಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಬೇರೆಯೇ ಕಥೆ: ಬಿಳುಪು ಇಲ್ಲ, ಮುರಿದ ಮೈ ಗಾಜಿನ ಚೂರಿನಂತೆ ನುಣುಪು, ಹೊಳಪು. ಜತೆಗೆ ಮುರಿದದ್ದು ಅಂಟಿನ ಜಾಗದಲ್ಲಿ ಅಲ್ಲ, ಅಂಟಿನಿಂದ ಎರಡು ಮಿಲಿಮೀಟರ್ ಆಚೆ, ಗಟ್ಟಿ ಪ್ಲಾಸ್ಟಿಕ್ಕಿನಲ್ಲೇ.

ಹಿರಿಯರು ಆ ತುಂಡನ್ನು ಮೇಜಿನ ಮೇಲಿಟ್ಟು, "ಅಂಟು ಕರಗಿಲ್ಲ ಕಣೋ. ನಾನು ಹೇಳಿದ್ದು ತಪ್ಪು" ಎಂದು ಕಿರಿಯನಿಗೆ ಹೇಳಿದರು. ಆ ಒಂದು ಮಾತಿನಿಂದ ಕೋಣೆಯ ಗಾಳಿ ಬದಲಾಯಿತು. ಅಲ್ಲಿಂದ ಮುಂದಿನದು ತನಿಖೆ.

ದಿಕ್ಕು ತಪ್ಪಿದ ಮೊದಲ ದುರಸ್ತಿ

ಆದರೆ ತನಿಖೆ ಮುಗಿಯುವ ಮೊದಲೇ ನಾನು ಅವಸರ ಮಾಡಿದೆ. ನೆಲಹಾಸು ಸಿದ್ಧವಾಗಿತ್ತು. ಇಟ್ಟಿಗೆ ರಾಶಿಯಲ್ಲಿ ಹೂತರೆ ಅರ್ಧ ಗಾಲಿ ಮುಚ್ಚಿಹೋಗುತ್ತದೆ, ಕ್ಷಣದಲ್ಲಿ ಹಿಡಿಯುವ ಸಯನೋಅಕ್ರಿಲೇಟ್ ಅಂಟು ಹಾಕಿ ಜೋಡಿಸಿ ಕೂರಿಸಿಬಿಡೋಣ ಎಂದೆ. ಎಲ್ಲರಿಗೂ ಸಾಕಾಗಿತ್ತು, ಒಪ್ಪಿದರು. ಮುರಿದ ಮೂರನ್ನೂ ಅಂಟಿಸಿದೆವು, ಟ್ರ್ಯಾಕನ್ನು ಮತ್ತೆ ಎಳೆದು ಹಾಕಿದೆವು.

ಎರಡನೇ ದಿನ ಎಡಬದಿಯ ಎರಡನೇ ತೋಳು ಮುರಿಯಿತು. ನಾವು ಮುಟ್ಟಿರದ ತೋಳು. ಮರುದಿನ ಬಲ ಐಡ್ಲರ್ ಮತ್ತೆ ಹೋಯಿತು, ಈ ಸಲ ಹೊಸ ಅಂಟಿನ ಪಕ್ಕದಲ್ಲಿ. ಮುರಿದದ್ದನ್ನು ಅಂಟಿಸಿದ್ದೆವು, ಮುರಿಯಲು ಕಾರಣವಾದದ್ದನ್ನು ಹಾಗೇ ಬಿಟ್ಟಿದ್ದೆವು. ಈ ಸಲಹೆ ನನ್ನದಾಗಿತ್ತು ಎಂದು ದಾಖಲೆಗೆ ಬರೆದಿಡುತ್ತೇನೆ.

ಒಂದು ಗೀಚು ಚಿತ್ರ

ತಿರುವು ಕೊಟ್ಟವರು ದಾಖಲೆಯವರು. ಹಾಳೆಯ ಮೇಲೆ ಟ್ಯಾಂಕಿನ ಎರಡೂ ಬದಿ ಗೀಚಿ, ಮುರಿದ ಜಾಗಕ್ಕೆ ಕೆಂಪು ಚುಕ್ಕೆ ಇಟ್ಟರು. ಎಡ ಐಡ್ಲರ್, ಬಲ ಐಡ್ಲರ್, ಎಡ ಒಂದನೇ ತೋಳು, ಎಡ ಎರಡನೇ ತೋಳು. ಆಮೇಲೆ ನೀಲಿ ಪೆನ್ನು ತೆಗೆದುಕೊಂಡು ಕಿರಿಯನನ್ನು ಕೇಳಿದರು: "ವಾಶ್ ಎಲ್ಲೆಲ್ಲಿ ಸುರಿದಿದ್ದೆ?" ಅವನು ಹತ್ತೂ ತೋಳುಗಳ ಹಿಂದೆ ಎಂದ. ಹತ್ತು ನೀಲಿ ಚುಕ್ಕೆ, ಐಡ್ಲರಿಗೆ ಎರಡು. ಹಿರಿಯರನ್ನು ಕೇಳಿದರು: "ಬಾಗಿಸಿ ಅಥವಾ ಎಳೆದು ಕೂರಿಸಿದ್ದು ಯಾವುವು?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಂಪು ಚುಕ್ಕೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. ನಾಲ್ಕಕ್ಕೆ ನಾಲ್ಕು.

ವಾಶ್ ತಾಗಿದ ಹನ್ನೆರಡು ಜಾಗದಲ್ಲಿ ಮುರಿದದ್ದು ನಾಲ್ಕೇ, ಆ ನಾಲ್ಕೂ ಒತ್ತಡದಲ್ಲಿದ್ದವು. ಒತ್ತಡವಿಲ್ಲದ ಎಂಟು ತೋಳುಗಳು ಅದೇ ಥಿನ್ನರಿನಲ್ಲಿ ನೆನೆದೂ ಗಟ್ಟಿಯಾಗಿದ್ದವು.

ಇದನ್ನು ಖಚಿತ ಮಾಡಿಕೊಳ್ಳಲು ಅದೇ ಪೆಟ್ಟಿಗೆಯ ಸ್ಪ್ರೂನಿಂದ ಐದು ಕಡ್ಡಿ ಕತ್ತರಿಸಿದೆವು. ಒಂದನ್ನು ನೇರವಾಗಿ ಬಿಟ್ಟು ವಾಶ್ ಹಾಕಿದೆವು. ಉಳಿದ ನಾಲ್ಕನ್ನು ಬಿಲ್ಲಿನಂತೆ ಬಗ್ಗಿಸಿ ಬಟ್ಟೆ ಕ್ಲಿಪ್ಪಿನಲ್ಲಿ ಹಿಡಿಸಿದೆವು: ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಬರಿ ಪ್ಲಾಸ್ಟಿಕ್ಕಿನ ಮೇಲೆ ಎನಾಮೆಲ್ ವಾಶ್, ಒಂದಕ್ಕೆ ಪ್ರೈಮರ್ ಮತ್ತು ವಾರ್ನಿಷ್ ಆದ ಮೇಲೆ ಅದೇ ವಾಶ್, ಕೊನೆಯದಕ್ಕೆ ನೀರಿನಲ್ಲಿ ಕಲಸಿದ ಅಕ್ರಿಲಿಕ್ ವಾಶ್. ಬೆಳಿಗ್ಗೆ ನೋಡಿದಾಗ ಬರಿ ಪ್ಲಾಸ್ಟಿಕ್ಕಿನ ಮೇಲೆ ಎನಾಮೆಲ್ ಕಂಡ ಬಾಗಿದ ಕಡ್ಡಿ ಎರಡು ತುಂಡಾಗಿತ್ತು, ಮುರಿದ ಮೈ ಗಾಜಿನಂತೆ. ಉಳಿದ ನಾಲ್ಕೂ ಇದ್ದಂತೆಯೇ ಇದ್ದವು.

ಇದರ ಹಿಂದಿನ ವಿಜ್ಞಾನ ಗೊತ್ತಿರುವಂಥದ್ದೇ, ನಮಗೆ ಗೊತ್ತಿರಲಿಲ್ಲ ಅಷ್ಟೇ. ವೈಟ್ ಸ್ಪಿರಿಟ್ ಪಾಲಿಸ್ಟೈರೀನನ್ನು ಅಂಟಿನ ಹಾಗೆ ಕರಗಿಸುವುದಿಲ್ಲ. ಆದರೆ ಪ್ಲಾಸ್ಟಿಕ್ ಎಲ್ಲಿ ಬಾಗಿ ಹಿಗ್ಗಿದೆಯೋ ಅಲ್ಲಿ ಅದರ ಉದ್ದುದ್ದ ಅಣುಸರಪಳಿಗಳ ನಡುವೆ ನುಸುಳಿ ಅವುಗಳ ಹಿಡಿತ ಸಡಿಲಿಸುತ್ತದೆ. ಕಣ್ಣಿಗೆ ಕಾಣದ ಬಿರುಕು ಹುಟ್ಟುತ್ತದೆ, ಬಿರುಕಿನ ತುದಿಗೆ ಮತ್ತಷ್ಟು ದ್ರಾವಕ ಹೋಗುತ್ತದೆ, ಕೊನೆಗೆ ಟಕ್. ದ್ರಾವಕ ಒಂದೇ ಇದ್ದರೆ ಮುರಿಯುವುದಿಲ್ಲ, ಒತ್ತಡ ಒಂದೇ ಇದ್ದರೂ ಮುರಿಯುವುದಿಲ್ಲ. ಎಬಿಎಸ್ ಪ್ಲಾಸ್ಟಿಕ್ಕಿನ ಭಾಗಗಳಲ್ಲೂ ಇದೇ ಕಾಟ ಇದೆ.

ಹಾಗಾದರೆ ತಪ್ಪು ಯಾರದು? ಹಿರಿಯರು ಬಿಗಿದದ್ದು ವಾಶ್ ಬರುತ್ತದೆಂದು ತಿಳಿಯದೆ. ಬಣ್ಣದವರು ಬರಿ ಪ್ಲಾಸ್ಟಿಕ್ ಬಿಟ್ಟದ್ದು ಅಲ್ಲಿ ಬಿಗಿ ಇದೆಯೆಂದು ತಿಳಿಯದೆ. ಕಿರಿಯ ಸುರಿದದ್ದು ಎರಡನ್ನೂ ತಿಳಿಯದೆ. ಟ್ಯಾಂಕು ಕೈಯಿಂದ ಕೈಗೆ ಹೋಯಿತು, ಅದರೊಳಗೆ ಏನಿದೆ ಎಂಬ ಸುದ್ದಿ ಹೋಗಲಿಲ್ಲ. ಪೆಟ್ಟಿಗೆ ಹೊತ್ತು ತಿರುಗಿದ್ದು ನಾನು, ಮೂವರನ್ನೂ ಒಂದೊಂದು ಪ್ರಶ್ನೆ ಕೇಳಬಹುದಿತ್ತು. ನಾನು ಕೇಳಿದ್ದು ಒಂದೇ: "ಯಾವಾಗ ಮುಗಿಯುತ್ತೆ?"

ಎರಡನೇ ದುರಸ್ತಿ

ಮೂರು ದಾರಿ ಇದ್ದವು. ಹೊಸ ಪೆಟ್ಟಿಗೆ ತಂದು ಕೆಳ ಒಡಲನ್ನು ಮತ್ತೆ ಕಟ್ಟುವುದು ಶುದ್ಧವಾದ ದಾರಿ, ಆದರೆ ಬಣ್ಣದವರ ಹಸಿರು ಎರಡನೇ ಸಲ ಹಾಗೆಯೇ ಬರುತ್ತದೆಂಬ ಭರವಸೆ ಅವರಿಗೇ ಇರಲಿಲ್ಲ. ಮುರಿದ ನಾಲ್ಕನ್ನು ಮಾತ್ರ ಗಟ್ಟಿ ಮಾಡಿ ಬಿಗಿ ಟ್ರ್ಯಾಕನ್ನೇ ಉಳಿಸಿಕೊಳ್ಳುವುದು ಇನ್ನೊಂದು. ಐದನೆಯದು ಮುರಿಯುವವರೆಗೆ ಕಾಯಬೇಕು. ಮೂರನೆಯದು, ಒತ್ತಡವನ್ನೇ ತೆಗೆಯುವುದು. ಟ್ರ್ಯಾಕ್ ಕಿತ್ತು, ನಾಲ್ಕೂ ಭಾಗಕ್ಕೆ ಲೋಹದ ಮೊಳೆ ಹಾಕಿ, ಬಿಡಿ ಕೊಂಡಿಗಳ ಟ್ರ್ಯಾಕ್ ಕಟ್ಟುವುದು. ಹಿರಿಯರೇ ಮೂರನೆಯದನ್ನು ಆರಿಸಿದರು. ತಮ್ಮ ಮೂರು ವಾರದ ಕೆಲಸವನ್ನು ತಾವೇ ಕಳಚುವುದು ಎಂದು ಅದರ ಅರ್ಥ.

ಪಟ್ಟಿಯನ್ನು ಕತ್ತರಿಸಿ ತೆಗೆದೊಡನೆ ಬಾಗಿದ್ದ ಐಡ್ಲರ್ ಬುಡ ಕಣ್ಣೆದುರೇ ನೆಟ್ಟಗಾಯಿತು. ತೆಳು ಸಾಬೂನು ನೀರಿನಲ್ಲಿ ಕೆಳಭಾಗ ತೊಳೆದು, ಒಳಗೆ ಇಳಿದಿರಬಹುದಾದ ದ್ರಾವಕ ಆರಲಿ ಎಂದು ಒಂದು ವಾರ ತೆರೆದಿಟ್ಟೆವು. ಏನೂ ಮಾಡದೆ ಕೂರುವ ಈ ವಾರವೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಆಮೇಲೆ ಕೈಡ್ರಿಲ್ಲಿನಲ್ಲಿ ತೋಳಿನ ಬುಡಕ್ಕೂ ಒಡಲಿಗೂ ತೂತು ಕೊರೆದು 1 ಮಿ.ಮೀ. ಹಿತ್ತಾಳೆ ಕಡ್ಡಿ ಕೂರಿಸಿ ಎಪಾಕ್ಸಿ ಹಾಕಿದೆವು. ತೋಳು ಮೂರು ಮಿಲಿಮೀಟರ್ ದಪ್ಪವೂ ಇಲ್ಲ, ನಡುಮಧ್ಯೆ ಕೊರೆಯಬೇಕು. ಮೊದಲನೆಯದು ಪಕ್ಕಕ್ಕೆ ಜಾರಿ ಹೊರಬಂತು. ಪುಟ್ಟಿ ತುಂಬಿ ಮತ್ತೆ ಕೊರೆದೆವು. ಎಡಬದಿಯ ಎರಡು ತೋಳುಗಳ ಗುಬಟನ್ನು ಈ ಸಲ ಪೂರ್ತಿ ಅರೆದೆವು, ಬೇಕಾದ ಕೋನದಲ್ಲಿ ಅವು ಯಾವ ಬಲವಂತವೂ ಇಲ್ಲದೆ ನಿಂತವು. ಇದನ್ನು ಮೊದಲ ಸಲವೇ ಮಾಡಬಹುದಿತ್ತು, ಹತ್ತು ನಿಮಿಷದ ಕೆಲಸ.

ಬಣ್ಣದವರು ಗಾಲಿ ಹೊರಗಿದ್ದ ಅವಕಾಶ ಹಿಡಿದು ಹಿಂಭಾಗಕ್ಕೆಲ್ಲ ಪ್ರೈಮರ್, ಹಸಿರು, ವಾರ್ನಿಷ್ ಹೊಡೆದರು. ಹಿತ್ತಾಳೆಯ ಮೇಲೆ ಬಣ್ಣ ಹಿಡಿಯಲು ಪ್ರೈಮರ್ ಬೇಕೇ ಬೇಕು.

ಟ್ರ್ಯಾಕಿಗೆ ಬಿಳಿಲೋಹದ ಕೊಂಡಿಗಳ ಆಸೆ ದಾಖಲೆಯವರಿಗಿತ್ತು, ತನ್ನ ಭಾರಕ್ಕೆ ತಾನೇ ಇಳಿಬೀಳುತ್ತದೆ ಎಂದು. ಮೊಳೆ ಹಾಕಿದ ಅಚ್ಚುಗಳ ಮೇಲೆ ಇನ್ನಷ್ಟು ಭಾರ ಬೇಡವೆಂದು ಪ್ಲಾಸ್ಟಿಕ್ ಕೊಂಡಿಗಳನ್ನೇ ತಂದೆವು. 500 ಮಿ.ಮೀ. ಅಗಲದ ಈ ಟ್ರ್ಯಾಕಿಗೆ ಬದಿಗೆ 72 ಕೊಂಡಿ, ಕೊಂಬು ಇರುವುದೊಂದು ಇಲ್ಲದ್ದೊಂದು ಸರದಿಯಲ್ಲಿ. ಎರಡು ಬದಿಗೆ 144. ನಮ್ಮ ಅಳತೆಯಲ್ಲಿ ಒಂದೊಂದೂ ಹದಿನಾಲ್ಕು ಮಿಲಿಮೀಟರ್ ಚಿಲ್ಲರೆ ಅಗಲ. ಪ್ರತಿಯೊಂದನ್ನೂ ಕತ್ತರಿಸಿ, ಅಚ್ಚಿನ ಗುರುತು ಕೆರೆಯಬೇಕು. ಕಿರಿಯ ಎಲ್ಲವನ್ನೂ ತಾನೇ ಮಾಡುತ್ತೇನೆಂದ. ಪ್ರಾಯಶ್ಚಿತ್ತ ಬೇಡ ಎಂದು ಹಿರಿಯರು ಅರ್ಧ ಕಸಿದುಕೊಂಡರು.

ಜೋಡಣೆಯ ಉಪಾಯ ಇಷ್ಟು. ಕೊಂಡಿಗಳನ್ನು ಅಡ್ಡಪಟ್ಟಿಯ ಪಕ್ಕದಲ್ಲಿ ನೇರವಾಗಿ ಸಾಲಿಟ್ಟು ದ್ರವ ಅಂಟು ತಾಗಿಸಬೇಕು. ಸುಮಾರು ಅರ್ಧ ಗಂಟೆಗೆ ಸಾಲು ಎತ್ತಿದರೆ ಹರಿಯದು, ಬಗ್ಗಿಸಿದರೆ ಬಗ್ಗುತ್ತದೆ. ಆ ಹದದಲ್ಲಿ ಗಾಲಿಗಳ ಮೇಲೆ ಹೊದಿಸಿ, ಗಾಲಿ ಗಾಲಿಯ ನಡುವೆ ಹತ್ತಿಯ ಉಂಡೆಯಿಂದ ಮೆಲ್ಲಗೆ ಒತ್ತಿ ತಗ್ಗು ತಂದು ರಾತ್ರಿಯಿಡೀ ಬಿಟ್ಟೆವು. ನಿಜವಾದ ಟ್ಯಾಂಕಿನಲ್ಲಿ ಪಟ್ಟಿ ಏಳು ಸೆಂಟಿಮೀಟರ್ ಇಳಿಬಿದ್ದರೆ ನಮಗೆ ಎರಡು ಮಿಲಿಮೀಟರ್. ಅಷ್ಟೇ ತಗ್ಗು. ಬೆಳಿಗ್ಗೆ ಗಟ್ಟಿಯಾದ ಟ್ರ್ಯಾಕ್ ಯಾವ ಅಚ್ಚನ್ನೂ ಎಳೆಯದೆ ಗಾಲಿಗಳ ಮೇಲೆ ಮಲಗಿತ್ತು. ಐಡ್ಲರಿನಿಂದ ಮೊದಲ ಗಾಲಿಗೆ ಬರುವಲ್ಲಿ ಸಣ್ಣ ಜೋಲು. ಮೊದಲ ಸಲ ಅದು ಮೂವತ್ತೆರಡು ಟನ್ನಿನ ಯಂತ್ರದಂತೆ ಕಂಡಿತು. "ಫೆಂಡರ್ ಕೆಳಗೇ ನೋಡಬೇಕಾದದ್ದು ಇರೋದು" ಎಂದು ದಾಖಲೆಯವರು ಹೇಳಿದಾಗ ಹಿರಿಯರು ಪೂರ್ತಿ ಬಗ್ಗಿ ನೋಡಿ ತಲೆಯಾಡಿಸಿದರು.

ಕಿರಿಯ ಎರಡನೇ ಸಲ ವಾಶ್ ಹಾಕಿದ. ಎನಾಮೆಲನ್ನೇ ಬಳಸಿದ, ಅದರ ಮೇಲಿನ ನಂಬಿಕೆ ಬಿಟ್ಟಿರಲಿಲ್ಲ. ಆದರೆ ವಾರ್ನಿಷ್ ಆದ ಕಡೆ ಮಾತ್ರ, ಬ್ರಷ್ಷಿನ ತುದಿಯಷ್ಟೇ, ಪೆಟ್ಟಿಗೆ ಮುಚ್ಚದೆ. ಗಾಲಿಗಳ ಹಿಂದಿನ ಮಡ್ಡಿಗೆ ಅಕ್ರಿಲಿಕ್. ಟ್ರ್ಯಾಕಿಗೆ ಕೇಸರಿ ತುಕ್ಕು ಬಳಿಯಲು ಹೊರಟಿದ್ದವನನ್ನು ದಾಖಲೆಯವರು ತಡೆದರು: ಮ್ಯಾಂಗನೀಸ್ ಉಕ್ಕಿನ ಪಟ್ಟಿ, ಬೀದಿಯಲ್ಲಿ ಓಡುತ್ತಿರುವ ಟ್ಯಾಂಕು, ನೆಲ ತಾಗುವ ಅಂಚು ಮಿರುಗುತ್ತಿರಬೇಕು. ಅಲ್ಲಿ ಪೆನ್ಸಿಲ್ ಸೀಸದ ಪುಡಿ ಉಜ್ಜಿದೆವು. ಮೇಲೆ ನನ್ನ ಇಟ್ಟಿಗೆ ಧೂಳು. ಆ ಕಾಲದ ಜರ್ಮನ್ ಇಟ್ಟಿಗೆ 25 × 12 × 6.5 ಸೆಂ.ಮೀ.; 1/35ರಲ್ಲಿ ಏಳು ಮಿಲಿಮೀಟರ್ ಉದ್ದ, ಎರಡಕ್ಕೂ ಕಡಿಮೆ ದಪ್ಪ. ಮುನ್ನೂರು ಚಿಲ್ಲರೆ ಇಟ್ಟಿಗೆ ಕತ್ತರಿಸಿದ ನನ್ನ ಸಂಕಟವನ್ನು ಬೇರೆಯಾಗಿಯೇ ಬರೆಯಬೇಕು.

ಪೆಟ್ಟಿಗೆಯಲ್ಲಿ ಈಗಿರುವ ಚೀಟಿ

ಅದಾದ ಮೇಲೆ ಪೆಟ್ಟಿಗೆಯ ಒಳಮುಚ್ಚಳಕ್ಕೆ ಒಂದು ಹಾಳೆ ಅಂಟಿಸಿದ್ದೇವೆ. ದೊಡ್ಡ ಪತ್ರವೇನಲ್ಲ. ಮಾದರಿ ದಾಟಿಸುವವರು ಅದರಲ್ಲಿ ಬರೆಯಬೇಕಾದದ್ದು: ಒಳಗೆ ಕಾಣದಂತೆ ಏನು ಹಾಕಿದ್ದೀರಿ, ಯಾವ ಭಾಗ ಬಲವಂತವಾಗಿ ಕೂತಿದೆ, ಎಲ್ಲಿ ಬರಿ ಪ್ಲಾಸ್ಟಿಕ್ ಉಳಿದಿದೆ, ಮೇಲಿನ ಪದರ ಯಾವುದು, ಅದಕ್ಕೆ ಯಾವ ಥಿನ್ನರ್ ಆಗದು. ಮೊದಲ ವಾರ ಎಲ್ಲರೂ ಉತ್ಸಾಹದಿಂದ ತುಂಬಿದರು. ಈಗ "ಎಲ್ಲ ಸರಿ" ಎಂದು ಒಂದೇ ಸಾಲು ಬರೆಯುವ ಚಾಳಿ ಶುರುವಾಗಿದೆ. ಹಾಗೆ ಬರೆದ ಪೆಟ್ಟಿಗೆಯನ್ನು ನಾನು ಮುಂದಕ್ಕೆ ಕೊಡುವುದಿಲ್ಲ, ಫೋನು ಮಾಡಿ ಕೇಳುತ್ತೇನೆ. ಇದರಿಂದ ನನ್ನನ್ನು ಪೊಲೀಸಪ್ಪ ಎಂದು ಕರೆಯುತ್ತಾರೆ.

ಟ್ಯಾಂಕಿನಲ್ಲಿ ಇನ್ನೂ ಒಂದು ಅನುಮಾನ ಉಳಿದಿದೆ. ಹಿಂದಿನ ಚಾಲಕ ಗಾಲಿಗಳ ಅಚ್ಚು ಎರಡೂ ಬದಿಯಲ್ಲಿ ಮುರಿಯಲಿಲ್ಲ, ಆದರೆ ಅವೂ ಆ ಬಿಗಿ ಪಟ್ಟಿಯ ಇನ್ನೊಂದು ತುದಿಯನ್ನು ಹಿಡಿದಿದ್ದವೇ. ಅಲ್ಲಿಗೆ ವಾಶ್ ತಲುಪಿರಲಿಲ್ಲ ಎಂದು ಕಿರಿಯ ಹೇಳುತ್ತಾನೆ. ಹಿರಿಯರಿಗೆ ಅಲ್ಲೂ ಮೊಳೆ ಹಾಕುವ ಮನಸ್ಸಿತ್ತು. ಅಷ್ಟು ಹೊತ್ತಿಗೆ ಬಣ್ಣ ಮುಗಿದಿತ್ತು, ಡ್ರಿಲ್ ಹತ್ತಿರ ತರಬೇಡಿ ಎಂದು ಬಣ್ಣದವರು ಕಡ್ಡಿ ಮುರಿದಂತೆ ಹೇಳಿದರು. ಟ್ರ್ಯಾಕ್ ಈಗ ಸಡಿಲವಿದೆ, ಹೊಸ ಒತ್ತಡವೇನೂ ಇಲ್ಲ. ಆದರೂ ಧೂಳು ಒರೆಸುವಾಗಲೆಲ್ಲ ಆ ಎರಡು ಗಾಲಿಗಳನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡುತ್ತೇನೆ. ಇಲ್ಲಿಯವರೆಗೆ ಅಲ್ಲಾಡಿಲ್ಲ.